ಆಟಿಯ (ಜುಲೈ-ಆಗಸ್ಟ್) ಮಳೆಗೆ ಮೊದಲೇ ತುರ್ತು ಚೀಲ
ಕಾಸರಗೋಡಿನ ಚಂದ್ರಗಿರಿ, ಮಧುವಾಹಿನಿ ಹೊಳೆಗಳ ದಡದವರು, ನೆರೆ ಬಂದರೆ ಹೊತ್ತು ಹೊರಡಲು, ಮೇ ಮುಗಿಯುವುದರೊಳಗೆ ಚೀಲ ಕಟ್ಟಿಡಿ. ನೀರು ಒಬ್ಬರಿಗೆ ದಿನಕ್ಕೆ 3 ಲೀಟರ್. ಮೂರು ದಿನದ್ದು 9 ಲೀಟರ್, ಹೊತ್ತು ಓಡಲಾಗದು. 2 ಲೀಟರ್ ಚೀಲದಲ್ಲಿ, ಉಳಿದದ್ದು ಅಟ್ಟದಲ್ಲಿರಲಿ. ಜೊತೆಗೆ ಅವಲಕ್ಕಿ, ಬೆಲ್ಲ, ಸೀಟಿ, ನಿತ್ಯದ ಮಾತ್ರೆ 7 ದಿನಕ್ಕೆ, ರೇಷನ್ ಕಾರ್ಡಿನ ಪ್ರತಿ, 4 ಪೊಟ್ಟಣ ಓಆರ್‌ಎಸ್. ಎಷ್ಟು ನೀರಿಗೆಂದು ಪೊಟ್ಟಣದಲ್ಲೇ ಇರುತ್ತದೆ. ಕಲಸಿದ್ದನ್ನು 24 ಗಂಟೆ ಮೀರಿ ಕುಡಿಯಬಾರದು.

ಕೈಕೊಡುವುದು ಹೆಚ್ಚಾಗಿ ಟಾರ್ಚ್. ಸೆಲ್ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ; ಬೇರೆ ಜಿಪ್ ಕವರಿನಲ್ಲಿಡಿ. ಆಟಿಯ ತೇವಕ್ಕೆ ಬೆಂಕಿಕಡ್ಡಿ ಹತ್ತದು, ಲೈಟರೇ ವಾಸಿ. ಪವರ್ ಬ್ಯಾಂಕ್ ಸುಮ್ಮನಿದ್ದರೂ ಇಳಿಯುತ್ತದೆ, 3 ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮನೆಯವರ ನಂಬರುಗಳನ್ನೂ ತುರ್ತು ಕರೆಯ 112 ಅನ್ನೂ ಕಾಗದದಲ್ಲಿ ಬರೆದಿಡಿ, ಪೆನ್ಸಿಲಿನಲ್ಲಿ. ಶಾಯಿ ಒದ್ದೆಯಾದರೆ ಹರಡುತ್ತದೆ.