ಮೂರು ಕೊಟೇಶನ್ ತಗೊಂಡೆ, ಮೂರೂ ಬೇರೆ ಬೇರೆ ಕೆಲಸಕ್ಕೆ!

ಗೀಸರ್ ಆನ್ ಇದ್ದಾಗ ಇಂಡಕ್ಷನ್ ಒಲೆ ಹಾಕಿದರೆ ನಮ್ಮನೆ ಮೇನ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತಿತ್ತು. ಇನ್ನು ಎಸಿ ಬೇರೆ ಬರುವುದಿತ್ತು. ಲೋಡ್ (ಮನೆಗೆ ಮಂಜೂರಾದ ವಿದ್ಯುತ್ ಮಿತಿ) ಹೆಚ್ಚಿಸಿ ತ್ರೀ ಫೇಸ್ (ಒಂದರ ಬದಲು ಮೂರು ಲೈನಿನ ಸಂಪರ್ಕ) ಮಾಡಿಸೋಣ ಎಂದು ಮೂವರು ಎಲೆಕ್ಟ್ರಿಷಿಯನ್‌ಗಳನ್ನು ಕರೆಸಿದೆ.

ಕೊಟೇಶನ್ ನೋಡಿ ಗೊಂದಲವಾಯಿತು. ಒಂದಕ್ಕಿಂತ ಇನ್ನೊಂದು ಹತ್ತಿರ ಹತ್ತಿರ ಎರಡು ಪಟ್ಟು. ಎಲ್ಲಕ್ಕಿಂತ ಕಡಿಮೆ ಇದ್ದದ್ದರಲ್ಲಿ ಒಂದೇ ಸಾಲು: 'ಹೊಸ ಡಿಬಿ, ವೈರಿಂಗ್, ಒಳ್ಳೆ ಕಂಪನಿ ಮಾಲು.' (ಡಿಬಿ ಅಂದರೆ ಎಂಸಿಬಿಗಳೆಲ್ಲ ಕೂರುವ ಪೆಟ್ಟಿಗೆ.) ಯಾವ ಸೈಜ್ ವೈರ್? ಅರ್ಥಿಂಗ್ ಸೇರಿದೆಯಾ? ಏನೂ ಇಲ್ಲ. ಇದನ್ನು ಹೋಲಿಸುವುದು ಹೇಗೆ ಅಲ್ವಾ?

ಹಾಗಾಗಿ ಪಟ್ಟಿಯನ್ನು ನಾನೇ ಬರೆದೆ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್‌ಗೂ ಎಸಿಗೂ ಬೇರೆ ಬೇರೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್). ಹೊಸ ಅರ್ಥಿಂಗ್. ಮೀಟರ್‌ನಿಂದ ಡಿಬಿವರೆಗಿನ ಕೇಬಲ್. ಗೋಡೆ ಕೊರೆದ ಮೇಲೆ ಗಾರೆ ಹಾಕುವವರು ಯಾರು, ಲೋಡ್ ಅರ್ಜಿ ಕೊಡುವವರು ಯಾರು, ಅದೂ ಸೇರಿಸಿದೆ. ಅದೇ ಹಾಳೆಯನ್ನು ಮೂವರಿಗೂ ಕೊಟ್ಟು, ಸಾಮಾನಿನ ರೇಟು, ಕೂಲಿ ಬೇರೆ ಬೇರೆ ಬರೆಯಿರಿ ಎಂದೆ.

ಕಡಿಮೆ ಹೇಳಿದ್ದವರ ಮೊತ್ತ ಈಗ ಮಧ್ಯದವರನ್ನೂ ದಾಟಿತು! ಮೊದಲು ಅವರು ಅರ್ಥಿಂಗ್, ಆರ್‌ಸಿಸಿಬಿ ಎರಡನ್ನೂ ಬಿಟ್ಟಿದ್ದರು. "ಇಷ್ಟೆಲ್ಲ ಬೇಡ ಸರ್, ಮೇನ್‌ಗೆ 63 ಆಂಪ್ ಎಂಸಿಬಿ ಹಾಕಿಬಿಡೋಣ, ಟ್ರಿಪ್ ಆಗಲ್ಲ" ಎಂದೂ ಹೇಳಿದರು. ನಮ್ಮ ಹಳೇ ಮೇನ್ ವೈರ್ 4 ಸ್ಕ್ವೇರ್ ಎಂಎಂ. ಅದು ಅಷ್ಟು ಕರೆಂಟ್ ತಡೆಯಲ್ಲ; 63 ಹಾಕಿದರೆ ಎಂಸಿಬಿ ಟ್ರಿಪ್ ಆಗುವ ಮೊದಲೇ ವೈರ್ ಸುಡಬಹುದು. ಅವರನ್ನು ಅಲ್ಲೇ ಕೈಬಿಟ್ಟೆ.

ಮಧ್ಯದವರು ಮೊದಲ ದಿನವೇ ಮೇನ್ ಆಫ್ ಮಾಡಿ ಡಿಬಿ ಮುಚ್ಚಳ ಬಿಚ್ಚಿದ್ದರು. ಉಳಿದಿಬ್ಬರು ಬಿಚ್ಚಲೇ ಇಲ್ಲ. "ಇಲ್ಲಿ ನೋಡಿ ಸರ್" ಎಂದು ಟಾರ್ಚ್ ಬಿಟ್ಟರು. ನ್ಯೂಟ್ರಲ್ ಸ್ಕ್ರೂ ಸುತ್ತ ಕಪ್ಪಾಗಿತ್ತು. ವೈರಿನ ಹೊದಿಕೆ ಉಗುರು ತಾಗಿದರೆ ಪುಡಿಯಾಗುತ್ತಿತ್ತು. ಎಷ್ಟು ದಿನ ಅದರ ಪಕ್ಕದಲ್ಲೇ ಮಲಗಿದ್ದೆವಲ್ಲ ಎಂದು ನಿಜಕ್ಕೂ ಹೆದರಿಕೆಯಾಯಿತು. ಕೆಲಸ ಅವರಿಗೇ ಕೊಟ್ಟೆ.

ದುಡ್ಡು ಮೂರು ಕಂತು. ಕೊನೆಯದು ಟೆಸ್ಟ್ ಆದ ಮೇಲೆ ಎಂದು ಮೊದಲೇ ಬರೆಸಿಕೊಂಡಿದ್ದೆ. ಅವರು ನನ್ನೆದುರೇ ಪ್ರತಿ ಸರ್ಕ್ಯೂಟ್‌ಗೂ ಮೆಗ್ಗರ್ (ವೈರಿನ ಹೊದಿಕೆ ಸರಿಯಿದೆಯಾ ಎಂದು ಅಳೆಯುವ ಉಪಕರಣ) ಹಿಡಿದು ಓದಿದ್ದನ್ನು ಬರೆದು ಕೊಟ್ಟರು. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಲು ನನಗೇ ಹೇಳಿದರು. ಒತ್ತಿದೆ. ಟಕ್ ಅಂತ ಮನೆಯೆಲ್ಲ ಆಫ್ ಆಯಿತು. ಮತ್ತೆ ಆನ್ ಮಾಡಿ ಕೊನೆ ಕಂತು ಕೊಟ್ಟೆ.