ಅಡ್ಡ ವೀಡಿಯೋವನ್ನು ರೀಲ್ ಮಾಡುವ ಸ್ಕ್ರಿಪ್ಟು: ಜೊತೆಗಿಡುವ ಟಿಪ್ಪಣಿ ಹೇಗಿರಬೇಕು

ಬಯಲಾಟದ ಕ್ಯಾಮೆರಾ ರಂಗಸ್ಥಳವನ್ನು ಅಡ್ಡಕ್ಕೆ ಹಿಡಿಯುತ್ತದೆ, ಮೊಬೈಲು ಉದ್ದಕ್ಕೆ ತೋರಿಸುತ್ತದೆ. 1920×1080ರ (ಎಚ್‌ಡಿ) ಕ್ಲಿಪ್ಪನ್ನು 1080×1920ರ ಕಾಂಪಿಗೆ (ಕಾಂಪೊಸಿಷನ್, ಅಂದರೆ ವೀಡಿಯೋ ಜೋಡಿಸುವ ಚೌಕಟ್ಟಿಗೆ) ತುಂಬಿಸಲು ಎರಡೂ ಬದಿ ಕತ್ತರಿಸಿದರೆ, ಎದುರುಬದುರು ನಿಂತ ಎರಡು ವೇಷಗಳಲ್ಲಿ ಒಂದು ಹೊರಗುಳಿಯುತ್ತದೆ. ಅದಕ್ಕೇ ಇಡೀ ಕ್ಲಿಪ್ಪನ್ನು ನಡುವಿನಲ್ಲಿಟ್ಟು, ಅದರದೇ ಮಸುಕಾದ ನಕಲನ್ನು ಹಿಂದೆ ಹರಡುವುದು. ಒಂದು ರಾತ್ರಿಯ ಆಟದಿಂದ 30 ತುಣುಕು ತೆಗೆದರೆ ಇದೇ ಕೆಲಸ 30 ಸಲ. ವೀಡಿಯೋ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಚಿಕ್ಕದೊಂದು ಸ್ಕ್ರಿಪ್ಟ್ (ತಂತ್ರಾಂಶಕ್ಕೆ ಕೊಡುವ ಆದೇಶಗಳ ಫೈಲು) ಇದನ್ನು ಒಂದೇ ಏಟಿಗೆ ಮುಗಿಸುತ್ತದೆ. ಆದರೆ ಕಾಸರಗೋಡಿನ ಕುಂಬಳೆಯಲ್ಲಿ ಬರೆದ ಸ್ಕ್ರಿಪ್ಟು ಬದಿಯಡ್ಕದ ಸ್ಟುಡಿಯೋದಲ್ಲೂ ಸರಿಯಾಗಿ ಓಡಬೇಕಾದರೆ ಜೊತೆಗೊಂದು ಟಿಪ್ಪಣಿ ಬೇಕೇ ಬೇಕು.

ಟಿಪ್ಪಣಿಯ ಮೊದಲ ಸಾಲಿನಲ್ಲೇ ಸ್ಕ್ರಿಪ್ಟು ಏನನ್ನು ಮುಟ್ಟುತ್ತದೆ, ಏನನ್ನು ಮುಟ್ಟುವುದಿಲ್ಲ ಎಂದು ಬರೆಯಿರಿ. ಉದಾಹರಣೆಗೆ (ಲೇಯರು ಎಂದರೆ ಕಾಂಪಿನಲ್ಲಿ ಒಂದರ ಮೇಲೊಂದು ಇಟ್ಟ ಪದರ; ಗಾಸಿಯನ್ ಬ್ಲರ್ ಮಸುಕು ಮಾಡುತ್ತದೆ, ಎಕ್ಸ್‌ಪೋಜರ್ ಬೆಳಕನ್ನು ಬದಲಿಸುತ್ತದೆ, ಸ್ಕೇಲ್ ಎಂದರೆ ಗಾತ್ರದ ಶೇಕಡಾ, ಪೊಸಿಷನ್ ಎಂದರೆ ಜಾಗ): "ಆಯ್ದ ಪ್ರತಿ ವೀಡಿಯೋ ಲೇಯರಿಗೆ ಒಂದು ನಕಲು ಮಾಡಿ ಕೆಳಗಿಡುತ್ತದೆ, ನಕಲಿಗೆ ಗಾಸಿಯನ್ ಬ್ಲರ್, ಎಕ್ಸ್‌ಪೋಜರ್ ಹಾಕುತ್ತದೆ, ಎರಡೂ ಲೇಯರಿನ ಸ್ಕೇಲ್, ಪೊಸಿಷನ್ ಬದಲಿಸುತ್ತದೆ. ಡಿಸ್ಕಿನಲ್ಲಿರುವ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಒಮ್ಮೆ ಕಂಟ್ರೋಲ್ ಝಡ್ ಒತ್ತಿದರೆ ಎಲ್ಲವೂ ಮೊದಲಿನಂತಾಗುತ್ತದೆ." ಈ ಕೊನೆಯ ಮಾತು ನಿಜವಾಗಬೇಕಾದರೆ ಸ್ಕ್ರಿಪ್ಟಿನ ಕೆಲಸವೆಲ್ಲ, ಹಲವು ಹೆಜ್ಜೆಗಳನ್ನು ಒಂದೇ ಅಂಡೂ ಆಗಿಸುವ ಆದೇಶಗಳಾದ ಬಿಗಿನ್ ಅಂಡೂ ಗ್ರೂಪ್, ಎಂಡ್ ಅಂಡೂ ಗ್ರೂಪ್‌ಗಳ ನಡುವೆಯೇ ನಡೆದಿರಬೇಕು. ಇಲ್ಲದಿದ್ದರೆ ಒಂದೊಂದು ಹೆಜ್ಜೆಗೂ ಒಂದೊಂದು ಸಲ ಒತ್ತುತ್ತಾ ಕೂರಬೇಕಾಗುತ್ತದೆ.

ಓಡಿಸುವ ಕ್ರಮಕ್ಕೆ ಎರಡು ಸಾಲು ಸಾಕು. ಕಾಂಪ್ ತೆರೆದು ಲೇಯರುಗಳನ್ನು ಆಯ್ದು, ಫೈಲ್ ಮೆನುವಿನ ಸ್ಕ್ರಿಪ್ಟ್ಸ್‌ನಲ್ಲಿ ರನ್ ಸ್ಕ್ರಿಪ್ಟ್ ಫೈಲ್ ಒತ್ತುವುದು. ಹೆಸರು ಮೆನುವಿನಲ್ಲೇ ಕಾಣಬೇಕಾದರೆ ಫೈಲನ್ನು ಸಪೋರ್ಟ್ ಫೈಲ್ಸ್‌ನ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿಗೆ ಹಾಕಿ ಆಫ್ಟರ್ ಎಫೆಕ್ಟ್ಸ್ ಮುಚ್ಚಿ ತೆರೆಯಬೇಕು. ಮೆನುವಿನ ಹೆಸರುಗಳನ್ನು ಅನುವಾದಿಸಲು ಹೋಗಬೇಡಿ. ನಮ್ಮ ಕಡೆ ಒಂದೇ ಸ್ಟುಡಿಯೋದಲ್ಲಿ ಕನ್ನಡದವರೂ ಮಲಯಾಳದವರೂ ಕೂತು ಕೆಲಸ ಮಾಡುತ್ತಾರೆ. ಪರದೆಯ ಮೇಲೆ ಕಾಣುವ ಹೆಸರೇ ಇಬ್ಬರಿಗೂ ದಾರಿ.

ಹೆಚ್ಚಿನ ಟಿಪ್ಪಣಿಗಳು ಸೋಲುವುದು ಅಂಕಿಗಳಲ್ಲಿ. "ಮೇಲಿನ ಲೇಯರಿನ ಸ್ಕೇಲ್ 56.25, ಕೆಳಗಿನದು 177.78" ಎಂದಷ್ಟೇ ಬರೆದರೆ ಅದು ಎಚ್‌ಡಿ ಕ್ಲಿಪ್ಪಿಗೆ ಮಾತ್ರ ಸರಿ. ಲೆಕ್ಕವನ್ನೇ ಬರೆಯಿರಿ: ಮೇಲಿನದಕ್ಕೆ ಕಾಂಪಿನ ಅಗಲವನ್ನು ಕ್ಲಿಪ್ಪಿನ ಅಗಲದಿಂದ, ಕೆಳಗಿನದಕ್ಕೆ ಕಾಂಪಿನ ಎತ್ತರವನ್ನು ಕ್ಲಿಪ್ಪಿನ ಎತ್ತರದಿಂದ ಭಾಗಿಸಿ 100ರಿಂದ ಗುಣಿಸುವುದು. 3840×2160ರ 4ಕೆ ಕ್ಲಿಪ್ಪಿಗೆ ಇವೇ 28.125 ಮತ್ತು 88.89 ಆಗುತ್ತವೆ. ಹಳೆಯ ಡಿವಿ ಟೇಪಿನಿಂದ ಇಳಿಸಿದ ಆಟವಾದರೆ ಇನ್ನೊಂದು ಎಚ್ಚರ ಬೇಕು. ಅದರ 720×576 ಚಿತ್ರದ ಪಿಕ್ಸೆಲ್ ಚೌಕವಲ್ಲ, 4:3 ಪಾಲ್ (ಹಿಂದಿನ ಟಿವಿ ಮಾನಕ) ಚಿತ್ರ ಪರದೆಯಲ್ಲಿ 788ರಷ್ಟು ಅಗಲಕ್ಕೆ ಕಾಣುತ್ತದೆ. ಆದ್ದರಿಂದ ಅಗಲವನ್ನು, ಪಿಕ್ಸೆಲ್ಲಿನ ಅಗಲ-ಎತ್ತರದ ಅನುಪಾತವಾದ ಪಿಕ್ಸೆಲ್ ಆಸ್ಪೆಕ್ಟ್‌ನಿಂದ ಗುಣಿಸಿಯೇ ಭಾಗಿಸಬೇಕು. ಮೇಲಿನ ಲೇಯರಿನ ಸ್ಕೇಲ್ ಸುಮಾರು 137, ಕೆಳಗಿನದು 333 ಬರುತ್ತದೆ. ಇಂಟರ್‌ಪ್ರೆಟ್ ಫೂಟೇಜ್‌ನಲ್ಲಿ ಲೋವರ್ ಫೀಲ್ಡ್ ಫಸ್ಟ್ (ಬಿಟ್ಟು ಬಿಟ್ಟು ಬರುವ ಗೆರೆಗಳ ಎರಡು ಗುಂಪಿನಲ್ಲಿ ಕೆಳಗಿನದು ಮೊದಲು) ಆಯ್ದಿರಬೇಕು ಎಂಬುದೂ ಅಲ್ಲೇ ಇರಲಿ. ಅದನ್ನು ಬಿಟ್ಟರೆ ವೇಷ ಗಿರಕಿ ಹೊಡೆಯುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಏಳುತ್ತದೆ.

ಬ್ಲರ್‌ನ ಅಂಕಿಗೂ ಇದೇ ಮಾತು. ಆಫ್ಟರ್ ಎಫೆಕ್ಟ್ಸ್ ಮೊದಲು ಎಫೆಕ್ಟನ್ನೂ ಆಮೇಲೆ ಸ್ಕೇಲನ್ನೂ ಲೆಕ್ಕ ಹಾಕುತ್ತದೆ. ಹಾಗಾಗಿ 50ರ ಬ್ಲರ್ ಎಚ್‌ಡಿ ನಕಲಿನಲ್ಲಿ ಹಿಗ್ಗಿ 89ರಷ್ಟು, 4ಕೆ ನಕಲಿನಲ್ಲಿ ಕುಗ್ಗಿ 44ರಷ್ಟು ಕಾಣುತ್ತದೆ. ಎರಡು ಕ್ಯಾಮೆರಾದ ತುಣುಕುಗಳು ಒಂದಾದ ಮೇಲೊಂದು ಬಂದರೆ ಹಿನ್ನೆಲೆ ಹಾರಿದಂತೆ ಕಾಣುವುದು ಇದರಿಂದಲೇ. ಕಾಣಬೇಕಾದ ಮಸುಕನ್ನು 90 ಎಂದಿಟ್ಟುಕೊಂಡು ಕೆಳಗಿನ ಲೇಯರಿನ ಸ್ಕೇಲಿನಿಂದ ಭಾಗಿಸಿ 100ರಿಂದ ಗುಣಿಸಿ: ಎಚ್‌ಡಿಗೆ 51, 4ಕೆಗೆ 101, ಟೇಪಿಗೆ 27. ರಿಪೀಟ್ ಎಜ್ ಪಿಕ್ಸೆಲ್ಸ್ ಆನ್ ಇರಲೇಬೇಕು, ಇಲ್ಲದಿದ್ದರೆ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುತ್ತದೆ. ಎಕ್ಸ್‌ಪೋಜರ್ ಮೈನಸ್ 1, ಅಂದರೆ ಬೆಳಕು ಅರ್ಧ; ರಂಗಸ್ಥಳದ ದೀಪಗಳು ಹಿನ್ನೆಲೆಯಲ್ಲಿ ಹರಡಿ ಕಣ್ಣು ಸೆಳೆಯದಿರಲು ಇಷ್ಟು ಬೇಕು.

ತಪ್ಪುಗಳ ಭಾಗವನ್ನು ಲಕ್ಷಣದಿಂದ ಆರಂಭಿಸಿ, ಏಕೆಂದರೆ ಓದುವವರು ಹುಡುಕುವುದು ಅದನ್ನೇ. "ಚೆಂಡೆ ಒಡೆದು ಕೇಳುತ್ತದೆ": ನಕಲಿಗೂ ಶಬ್ದ ಬಂದಿದೆ. ಒಂದೇ ಶಬ್ದ ಎರಡು ಸಲ ಸೇರಿದಾಗ 6 ಡೆಸಿಬೆಲ್ ಏರಿ ಮಿತಿ ಮೀರುತ್ತದೆ, ನಕಲಿನ ಆಡಿಯೋ ಆಫ್ ಮಾಡಬೇಕು. "ಹಿನ್ನೆಲೆಗೂ ಒಂದು ಹಿನ್ನೆಲೆ ಬಂದಿದೆ": ಸ್ಕ್ರಿಪ್ಟು ಎರಡು ಸಲ ಓಡಿದೆ. ನಕಲಿನ ಕಾಮೆಂಟ್ ಕಾಲಮ್ಮಿನಲ್ಲಿ ಒಂದು ಗುರುತು ಬರೆದು, ಗುರುತಿದ್ದ ಲೇಯರನ್ನೂ ಅದರ ಮೇಲಿನದನ್ನೂ ಬಿಟ್ಟು ಹೋಗುವಂತೆ ಮಾಡಿ. "ಆಬ್ಜೆಕ್ಟ್ ಈಸ್ ಇನ್ವ್ಯಾಲಿಡ್" ಎಂದು ಬಂದರೆ: ಒಂದು ಲೇಯರಿಗೆ ಎರಡನೆಯ ಎಫೆಕ್ಟ್ ಸೇರಿಸಿದೊಡನೆ ಮೊದಲನೆಯದಕ್ಕೆ ಹಿಡಿದಿಟ್ಟ ವೇರಿಯೇಬಲ್ ಸತ್ತುಹೋಗುತ್ತದೆ. ಬ್ಲರ್‌ನ ಅಂಕಿಗಳನ್ನು ತುಂಬಿಸಿ ಮುಗಿಸಿದ ಮೇಲೆಯೇ ಎಕ್ಸ್‌ಪೋಜರ್ ಸೇರಿಸಬೇಕು.

ಸ್ಕೇಲಿಗೆ ಮೊದಲೇ ಕೀಫ್ರೇಮ್ (ಸಮಯಕ್ಕೆ ತಕ್ಕಂತೆ ಅಂಕಿ ಬದಲಿಸುವ ಗುರುತು) ಇದ್ದರೆ, ಅಂಕಿ ತುಂಬಿಸುವ ಸೆಟ್ ವ್ಯಾಲ್ಯೂ ಆದೇಶ ಎರರ್ ಕೊಡುತ್ತದೆ. ಇದನ್ನು ಸ್ಕ್ರಿಪ್ಟಿನಲ್ಲಿ ಸುತ್ತಿ ಬಳಸಿ ದಾಟುವುದಕ್ಕಿಂತ, ಝೂಮ್ ಕೆಲಸವನ್ನು ಅಡ್ಡ ಕಾಂಪಿನಲ್ಲೇ ಮುಗಿಸಿ ಆ ಕಾಂಪನ್ನು ಉದ್ದದ ಕಾಂಪಿಗೆ ಲೇಯರಾಗಿ ತರಲು ಹೇಳುವುದೇ ಒಳ್ಳೆಯದು. ಟೆಕ್ಸ್ಟ್, ಶೇಪ್ ಲೇಯರುಗಳಿಗೆ ಸೋರ್ಸ್ ಇರುವುದಿಲ್ಲ, ಕ್ಯಾಮೆರಾ, ಲೈಟ್ ಲೇಯರುಗಳಿಗೆ ಎಫೆಕ್ಟೇ ಹಿಡಿಸುವುದಿಲ್ಲ. ಇವನ್ನು ಬಿಟ್ಟು, ಬಿಟ್ಟವುಗಳ ಹೆಸರನ್ನು ಕೊನೆಯಲ್ಲಿ ತೋರಿಸಬೇಕು. ಆ ಸಂದೇಶದ ಕನ್ನಡ ಅಕ್ಷರ ಚಿಂದಿಯಾಗಿ ಕಂಡರೆ ಸ್ಕ್ರಿಪ್ಟ್ ಫೈಲನ್ನು ಯುಟಿಎಫ್-8 ಅಕ್ಷರಸಂಕೇತದಲ್ಲಿ ಉಳಿಸಿರಲಿಕ್ಕಿಲ್ಲ.

ಟಿಪ್ಪಣಿಯ ಜೊತೆ 1080×1920 ಕಾಂಪಿನ ಪರೀಕ್ಷಾ ಪ್ರಾಜೆಕ್ಟ್ ಒಂದನ್ನು ಕೊಡಿ. ಅದರಲ್ಲಿ ಒಂದು ಎಚ್‌ಡಿ, ಒಂದು 4ಕೆ, ಒಂದು ಟೇಪಿನ ಕ್ಲಿಪ್, ಒಂದು ಟೈಟಲ್ (ಟೆಕ್ಸ್ಟ್ ಲೇಯರು) ಇರಲಿ. ನಾಲ್ಕನ್ನೂ ಆಯ್ದು ಓಡಿಸಿದಾಗ ಲೇಯರು ಏಳಾಗಬೇಕು, ಮೂರು ನಕಲುಗಳಿಗೂ ಶಬ್ದ ಇರಬಾರದು, ಬಿಟ್ಟವುಗಳ ಪಟ್ಟಿಯಲ್ಲಿ ಟೈಟಲ್ ಒಂದೇ ಇರಬೇಕು. ಮತ್ತೆ ಓಡಿಸಿದರೂ ಲೇಯರು ಏಳೇ ಇರಬೇಕು.