ಕಾಂಟೆಸ್ಸಾದ ಹಿಂದಿನ ಆಕ್ಸಲ್ ಕುಣಿತ ನಿಂತದ್ದು

ಕ್ಲಚ್ ಬಿಟ್ಟ ಕೂಡಲೇ ಹಿಂದಿನಿಂದ ಧಡಧಡ ಸದ್ದು. ಗಾಡಿ ಇದ್ದಲ್ಲೇ ನಾಲ್ಕು ಸಲ ಕುಣಿದು ಆಮೇಲೆ ಮುಂದಕ್ಕೆ ಹೋಗುವುದು. ಹಿಂದೂಸ್ತಾನ್ ಮೋಟರ್ಸ್‌ನ ಹಳೆಯ ಕಾರು ಕಾಂಟೆಸ್ಸಾವನ್ನು ನಿಂತ ಜಾಗದಿಂದ ಜೋರಾಗಿ ಎಬ್ಬಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನದು ಇಸುಜು 1.8 ಇಂಜಿನ್ನಿನದು. ಹೆಡ್, ಕಾರ್ಬುರೇಟರ್, ಸೈಲೆನ್ಸರ್ ಕೆಲಸವೆಲ್ಲ ಮುಗಿದ ಮೇಲೆ ನೂರು ಅಶ್ವಶಕ್ತಿ ದಾಟಿದೆ ಎಂದು ನನ್ನ ನಂಬಿಕೆ, ಅಳೆಸಿಲ್ಲ. ಎಷ್ಟಿದ್ದರೇನು, ಡಾಂಬರಿಗೆ ಇಳಿಯದ ಶಕ್ತಿಯಿಂದ ಪೆಟ್ರೋಲ್ ಬಂಕಿನವನಿಗಷ್ಟೇ ಲಾಭ.

ಪುಣೆ ಕಡೆಯ ಗೆಳೆಯರು ಪಾಟಾ (ಹಿಂದಿನ ಚಕ್ರಗಳ ಆಕ್ಸಲ್ ಮೇಲೆ ಗಾಡಿಯನ್ನು ಹೊರುವ ಉಕ್ಕಿನ ಪಟ್ಟಿಗಳ ಕಟ್ಟು) ಕಿತ್ತುಹಾಕಿ ಕಾಯಿಲ್ ಸ್ಪ್ರಿಂಗ್, ಆಕ್ಸಲ್ ಹಿಡಿದಿಡುವ ನಾಲ್ಕು ಲಿಂಕ್ ಮಾಡಿಸು ಎಂದರು. ಕೇಳಿದ ಬೆಲೆ ಒಂದೂವರೆ ಲಕ್ಷದ ಆಸುಪಾಸು. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಲೇತ್ ಶೆಡ್ಡಿನ ಎದುರಿಗೆ ಲಾರಿ ಪಾಟಾ ಕಟ್ಟುವ ಕಾಕಾ ಒಬ್ಬರಿದ್ದಾರೆ. ಅವರ ಮಾತು ಇನ್ನೂ ಚುಚ್ಚುವಂತಿತ್ತು: "ತಮ್ಮಾ, ಪಾಟಾ ಇರುವುದು ಹೊರುವುದಕ್ಕೆ. ಓಡಬೇಕೆಂದರೆ ಬೇರೆ ಗಾಡಿ ತೆಗೆದುಕೋ."

ಎರಡು ವರ್ಷ ನಾನು ದುಡ್ಡು ಸುರಿದದ್ದೆಲ್ಲ ತಪ್ಪು ಜಾಗದಲ್ಲಿ. ಮೊದಲು ಟೈರ್. 14 ಇಂಚಿನ ರಿಮ್ಮಿಗೆ ಅಗಲದ ಒಳ್ಳೆಯ ಟೈರ್ ಹಾಕಿಸಿದೆ, ನಾಲ್ಕಕ್ಕೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಕುಣಿತ ಹೆಚ್ಚಾಯಿತು! ಹಳೆಯ ಟೈರ್ ಜಾರಿ ತಪ್ಪಿಸಿಕೊಳ್ಳುತ್ತಿತ್ತು, ಹೊಸದು ನೆಲ ಕಚ್ಚಿಕೊಂಡು ಪಾಟಾವನ್ನು ಇನ್ನಷ್ಟು ತಿರುಚಿತು. ಆಮೇಲೆ ಗಟ್ಟಿ ಶಾಕ್ ಅಬ್ಸಾರ್ಬರ್, ಆರೂವರೆ ಸಾವಿರ. ಮೂರನೆಯ ವಾರ ಮೇಲಿನ ಬ್ರಾಕೆಟ್ ಬಿರುಕು ಬಿಟ್ಟಿತು. ನಂತರ ಒಂದೊಂದು ಬದಿಗೆ ಒಂದೊಂದು ಪ್ಲೇಟು ಹೆಚ್ಚಿಗೆ ಸೇರಿಸಿದೆ. ಕುಣಿತ ಅರ್ಧಕ್ಕರ್ಧ ಕಡಿಮೆಯಾಯಿತು, ಆದರೆ ತಿರುವಿನಲ್ಲಿ ಒಳಗಿನ ಚಕ್ರ ನೆಲ ಬಿಟ್ಟು ಏಳತೊಡಗಿತು. ಹಿಂದಿನ ಸೀಟಿನಲ್ಲಿ ಖಾನಾಪುರದವರೆಗೆ ಬಂದ ಅತ್ತೆ ಮರಳುವಾಗ ಬಸ್ಸು ಹಿಡಿದರು.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳನ್ನು ಎಲ್ಲರೂ ನೋಡಿದ್ದೇವೆ. ಮುಂದಿನ ಚಕ್ರ ನೆಲಕ್ಕೆ ತಾಗಿಯೂ ತಾಗದಂತೆ ತೇಲುತ್ತಿರುತ್ತದೆ, ಭಾರವೆಲ್ಲ ಹಿಂದೆ. ಅದನ್ನು ನೋಡಿ ಡಿಕ್ಕಿಯಲ್ಲಿ 25 ಕಿಲೋದ ಎರಡು ಮರಳು ಚೀಲ ಇಟ್ಟೆ. ಹೊರಡುವುದೇನೋ ಚೆನ್ನಾಯಿತು, ಆದರೆ ಒದ್ದೆ ರಸ್ತೆಯ ಮೊದಲ ತಿರುವಿನಲ್ಲೇ ಬಾಲ ಬೀಸಿ ಗಾಡಿ ಬಂದ ದಾರಿಗೆ ಮುಖ ಮಾಡಿ ನಿಂತಿತು. ಮರಳು ಮನೆ ಕಟ್ಟುವ ತಮ್ಮನಿಗೆ ಹೋಯಿತು.

ದಾರಿ ಹೊಳೆದದ್ದು ಮೊಬೈಲಿನಿಂದ. ಆಕ್ಸಲ್ ಪಕ್ಕಕ್ಕೆ ಮೊಬೈಲ್ ಕಟ್ಟಿ, ನಿಧಾನಗತಿಯಲ್ಲಿ ಚಿತ್ರ ತೆಗೆದೆ. ಮನೆಗಳಿನ್ನೂ ಏಳದ ಪರಿಚಯದವರ ಬಡಾವಣೆಯ ರಸ್ತೆ, ಬೆಳಗಿನ ಆರು ಗಂಟೆ. ಕ್ಲಚ್ ಬಿಟ್ಟಾಗ ಡಿಫ್‌ನ, ಅಂದರೆ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ, ಮೂತಿ ಮೇಲಕ್ಕೇಳುತ್ತಿತ್ತು. ಪಾಟಾದ ಮುಂದಿನ ಅರ್ಧ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿ, ತಾಳಲಾರದೆ ಮತ್ತೆ ಸೆಟೆಯುತ್ತಿತ್ತು. ಕುಣಿತವೆಂದರೆ ಇಷ್ಟೇ. ಹಿಂದಿನ ಅರ್ಧ ನಿರಪರಾಧಿ. ನಾನು ಎರಡು ವರ್ಷ ಇಡೀ ಪಾಟಾಕ್ಕೆ ಶಿಕ್ಷೆ ಕೊಟ್ಟಿದ್ದೆ.

ಆದ್ದರಿಂದ ಮೊದಲು ಹೆಚ್ಚಿಗೆ ಸೇರಿಸಿದ ಪ್ಲೇಟು ತೆಗೆದೆ. ಮುಂದಿನ ಅರ್ಧಕ್ಕೆ ಬಿಗಿಯಾಗಿ ಎರಡು ಕ್ಲ್ಯಾಂಪ್ ಹಾಕಿ, ಹಿಂದಿನ ಅರ್ಧದವನ್ನು ಸಡಿಲಿಸಿದೆ. ಬರೀ ಇಷ್ಟಕ್ಕೇ ಗಮನಕ್ಕೆ ಬರುವಷ್ಟು ವ್ಯತ್ಯಾಸವಾಯಿತು. ಆಮೇಲೆ ರಾಡ್. ಆಕ್ಸಲ್ಲನ್ನು ಪಾಟಾಕ್ಕೆ ಕಟ್ಟುವ ಯು ಬೋಲ್ಟಿನ ಕೆಳಗಿನ ತಟ್ಟೆಗೆ ಬೆಸೆದು ಮುಂದಕ್ಕೆ ಚಾಚಿದ ಚೌಕ ಪೈಪು, ಅದರ ತುದಿಯಲ್ಲಿ ರಬ್ಬರ್ ಗುಬಟು. ಮೂತಿ ಏಳಲು ಹೊರಟರೆ ಗುಬಟು ಪಾಟಾದ ಕಣ್ಣಿನ (ಚಾಸಿಗೆ ಸಿಕ್ಕಿಸುವ ಮುಂದಿನ ಸುರುಳಿ ತುದಿಯ) ಕೆಳಗೆ ತಾಗಿ ಒತ್ತಿಹಿಡಿಯಬೇಕು. ಉಳಿದ ಹೊತ್ತಿನಲ್ಲಿ ರಾಡಿಗೂ ಪಾಟಾಕ್ಕೂ ಸಂಬಂಧವಿರಬಾರದು.

ಮೊದಲ ಜೋಡಿಯ ರಾಡನ್ನು ಎರಡೂ ತುದಿ ಬಿಗಿದು ಚಾಸಿಗೇ ಸಿಕ್ಕಿಸಿದ್ದೆ, ಜಾಣತನ ಮಾಡಿದೆನೆಂದುಕೊಂಡು. ಪಾಟಾ ತೂಗುವ ದಾರಿ ಬೇರೆ, ರಾಡ್ ತೂಗುವ ದಾರಿ ಬೇರೆ. ಹದಿನೈದು ದಿನಕ್ಕೆ ಕೀಲಿನೊಳಗಿನ ಬುಶ್‌ಗಳು ಚಿಂದಿಯಾದವು. 2002ರಲ್ಲಿ ತಯಾರಿಕೆ ನಿಂತ ಗಾಡಿಯ ಬುಶ್ ಎಲ್ಲಿಂದ ತರುವುದು? ಲೇತಿನಲ್ಲಿ ನಾನೇ ಕಡೆದುಕೊಂಡೆ. ಎರಡನೆಯ ಜೋಡಿ ಗುಬಟಿನದ್ದೇ, ಆದರೆ ನಾಲ್ಕು ಇಂಚು ಗಿಡ್ಡ. ಗುಬಟು ಕಣ್ಣಿನ ಕೆಳಗೆ ತಾಗುವ ಬದಲು ಪಾಟಾದ ನಡುವಿಗೆ ಗುದ್ದುತ್ತಿತ್ತು. ಪೀರನವಾಡಿಯ ಹತ್ತಿರ ಮುಖ್ಯ ಪ್ಲೇಟು ಪಟ್ಟೆಂದು ಮುರಿಯಿತು. ಸರಪಳಿ ಕಟ್ಟಿ ಎಳೆದುಕೊಂಡು ಬರುವಾಗ ಕಾಕಾ ಅಂಗಡಿಯ ಬಾಗಿಲಲ್ಲೇ ಚಹಾ ಕುಡಿಯುತ್ತಿದ್ದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೂರನೆಯ ಜೋಡಿಗೆ ಅಳತೆಯನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ತೆಗೆದೆ. ಜಾಕಿನ ಮೇಲೆ ತೆಗೆದ ಅಳತೆ ಸುಳ್ಳು ಹೇಳುತ್ತದೆ. ಪೈಪು ಗುಜರಿಯದು, ಗೋಡೆ ದಪ್ಪ ಐದು ಮಿಲಿಮೀಟರ್ ಇದ್ದಿರಬೇಕು. ಎಡಬದಿಯ ಗುಬಟಿಗೂ ಪಾಟಾಕ್ಕೂ ನಡುವೆ ಸುಮಾರು ಹನ್ನೆರಡು ಮಿಲಿಮೀಟರ್ ಸಂದು ಬಿಟ್ಟೆ. ಬಲಬದಿಗೆ ಅದಕ್ಕಿಂತ ಕಡಿಮೆ. ಇಂಜಿನ್ನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ರಭಸಕ್ಕೆ ಬಲ ಹಿಂದಿನ ಚಕ್ರ ಹಗುರಾಗುತ್ತದೆ. ಆ ಬದಿಯ ರಾಡ್ ಬೇಗ ತಾಗಬೇಕು. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಸ್ವಲ್ಪ ತಾನಾಗಿಯೇ ಸರಿಹೋಗುತ್ತದೆ, ಅದರಲ್ಲೂ ನನ್ನಂಥ 85 ಕಿಲೋದವನು ಕೂತರೆ. ಬಲಕ್ಕೆ ಎಷ್ಟು ಸಂದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ಭಾನುವಾರ, ಒಂದು ಕ್ಲಚ್ ಪ್ಲೇಟ್ ಕಳೆದುಕೊಂಡು ಸಿಕ್ಕಿದ ಸಂಖ್ಯೆ ಅದು.

ಡಿಫ್‌ನ ಮೂತಿ ತುಸು ತಗ್ಗಿಸಲು ಎರಡು ಡಿಗ್ರಿಯ ಬೆಣೆಯನ್ನೂ ಹಾಕಿದೆ. ಮೊದಲ ದಿನ ತಿರುವುಮುರುವಾಗಿ ಹಾಕಿ, ಎಪ್ಪತ್ತರ ವೇಗದಲ್ಲಿ ಇಡೀ ಗಾಡಿ ಗಡಗಡ ನಡುಗಿತು. ತಿರುಗಿಸಿ ಹಾಕಿದ ಮೇಲೆ ಶಾಂತ. ಹಿಂದಿನ ಟೈರಿನ ಗಾಳಿ 32ರಿಂದ 26ಕ್ಕೆ ಇಳಿಸಿದೆ.

ನಿಂತ ಜಾಗದಿಂದ ನೂರು ಮೀಟರಿಗೆ ಮೊದಲು ಎಂಟು ಸೆಕೆಂಡಿನ ಮೇಲೆ ಹಿಡಿಯುತ್ತಿತ್ತು, ಈಗ ಏಳೂಕಾಲು. ಕೈಗಡಿಯಾರದ ಲೆಕ್ಕ, ಸೆಕೆಂಡಿನ ಹತ್ತನೆಯ ಒಂದು ಪಾಲು ಹೆಚ್ಚುಕಡಿಮೆ ಇರಬಹುದು. ಆದರೆ ಸದ್ದಿಲ್ಲದೆ ಹಿಂಭಾಗ ಕುಕ್ಕುರು ಕೂತು ಗಾಡಿ ಎದ್ದು ಹೋಗುವುದನ್ನು ನೋಡಿದವರಿಗೆ ಗಡಿಯಾರ ಬೇಡ. ರಾಡ್, ಬೆಣೆ, ಕ್ಲ್ಯಾಂಪ್, ವೆಲ್ಡಿಂಗ್ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ದಾಟಿಲ್ಲ. ಅದಕ್ಕೆ ಮೊದಲು ಕಳೆದುಕೊಂಡ ಮೂವತ್ತೈದು ಸಾವಿರದ ಮಾತು ಮನೆಯಲ್ಲಿ ಎತ್ತಬೇಡಿ.

ಕಾಕಾ ಒಂದು ಮಧ್ಯಾಹ್ನ ಕೇಳದೆಯೇ ಬಂದು ಗಾಡಿಯ ಕೆಳಗೆ ಮಲಗಿದರು. ಗುಬಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಟಿಪ್ಪರಿನದ್ದಲ್ಲ, ಎಲ್ಲಿಯದು?" ಎಂದರು. ಕೊಲ್ಹಾಪುರದಿಂದ ತಂದದ್ದು ಎಂದೆ. ಕೊಲ್ಹಾಪುರದಿಂದಲ್ಲ.

ಈ ರಾಡ್ ಗಾಡಿ ಎಬ್ಬಿಸುವಾಗ ಮಾತ್ರ ಕೆಲಸ ಮಾಡುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಮೂತಿ ಕೆಳಕ್ಕೆ ತಿರುಗುತ್ತದೆ, ಗುಬಟು ಕಣ್ಣಿನಿಂದ ದೂರ ಸರಿಯುತ್ತದೆ, ಆಗಿನ ಕುಣಿತ ಹಾಗೆಯೇ ಇದೆ. ಅದಕ್ಕೆ ಆಕ್ಸಲ್ಲಿನ ಮೇಲುಗಡೆಯಿಂದ ಇನ್ನೊಂದು ರಾಡ್ ಯೋಚಿಸಿದ್ದೇನೆ. ಮಳೆ ಬಿಡಲಿ.